ಮಸೂದೆಗೂ ಮುಂಚೆ ಗದ್ದೆ ಬಿಟ್ಟವರು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರ ಹತ್ತಿರ ಜಾಗದ ಮಾತು ತೆಗೆದರೆ ಹೆಚ್ಚಾಗಿ ಎರಡು ಬಗೆಯ ಕಥೆ ಕೇಳಲು ಸಿಗುತ್ತದೆ. ಒಂದು, ‘ನಮಗೆ ಡಿಕ್ಲರೇಶನ್ನಲ್ಲಿ ಸಿಕ್ಕಿದ ಜಾಗ’ ಎನ್ನುವವರದು. ಇನ್ನೊಂದು, ‘ನಮ್ಮದೆಲ್ಲ ಮಸೂದೆಯಲ್ಲಿ ಹೋಯಿತು’ ಎನ್ನುವವರದು. ದೇವರಾಜ ಅರಸರ ಸರ್ಕಾರ ತಂದ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಕರಾವಳಿಯ ಬಾಯಲ್ಲಿ ಇವತ್ತಿಗೂ ಭೂಮಸೂದೆಯೇ. ಗೇಣಿದಾರ ತುಂಬಿಕೊಡಬೇಕಿದ್ದ ಏಳನೇ ನಮೂನೆಯ ಅರ್ಜಿಗೆ ಡಿಕ್ಲರೇಶನ್ ಎಂದು ಹೆಸರು. ಪಡೆದವರಿಗೂ ಕಳೆದುಕೊಂಡವರಿಗೂ ಹೇಳಲು ಮಾತಿದೆ, ತೋರಿಸಲು ಕಾಗದವಿದೆ, ಬರೆಯಲು ಜನರೂ ಇದ್ದಾರೆ.

ಮೂರನೆಯವರೊಬ್ಬರಿದ್ದಾರೆ. ಮಸೂದೆ ಬರುವ ಎರಡು ವರ್ಷ, ಐದು ವರ್ಷ, ಹತ್ತು ವರ್ಷ ಮೊದಲೇ ಗದ್ದೆ ಬಿಟ್ಟು ಹೋದವರು. 1974ರಲ್ಲಿ ಅವರು ಮುಂಬೈಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರು, ಘಟ್ಟದ ಮೇಲೆ ಕಾಫಿ ತೋಟದಲ್ಲಿದ್ದರು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದರು. ಅವರು ಡಿಕ್ಲರೇಶನ್ ಕೊಡಲಿಲ್ಲ. ಕೊಟ್ಟಿದ್ದರೂ ನಡೆಯುವುದು ಕಷ್ಟವಿತ್ತು. ಭೂ ನ್ಯಾಯಮಂಡಳಿ ಕೇಳುತ್ತಿದ್ದ ಮುಖ್ಯ ಪ್ರಶ್ನೆ ಒಂದೇ: ಆ ಮಾರ್ಚ್ 1ರಂದು, ಅಥವಾ ಅದಕ್ಕೆ ತೀರಾ ಹಿಂದೆ, ಗದ್ದೆ ಯಾರ ಕೈಯಲ್ಲಿತ್ತು? ಎಬ್ಬಿಸಲು ಕೋರ್ಟಿನ ಡಿಕ್ರಿ ಆಗಿದ್ದರೂ ಇನ್ನೂ ಗದ್ದೆಯಲ್ಲೇ ಇದ್ದ ಗೇಣಿದಾರನಿಗೆ ಕಾಯ್ದೆ ರಕ್ಷಣೆ ಕೊಟ್ಟಿತು. ಡಿಕ್ರಿಯೇ ಇಲ್ಲದೆ, ಜಗಳವೂ ಇಲ್ಲದೆ ‘ಬಿಟ್ಟುಕೊಟ್ಟು’ ಹೋದವನು ಲೆಕ್ಕದ ಹೊರಗೆ ಉಳಿದ.

ಈ ಮೂರನೆಯವರ ಚರಿತ್ರೆಯನ್ನು ಹುಡುಕುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಹುಡುಕುವುದು ಕಷ್ಟ, ಆದರೆ ಅಸಾಧ್ಯವಲ್ಲ.

ಮೂಲಗೇಣಿಯೂ ಚಾಲಗೇಣಿಯೂ

ದಕ್ಷಿಣ ಕನ್ನಡ ಜಿಲ್ಲೆಯನ್ನು, ಅಂದರೆ ಹಳೆಯ ಸೌತ್ ಕೆನರಾವನ್ನು, ಕಾಗದದ ಮೇಲೆ ರೈತವಾರಿ ಜಿಲ್ಲೆ ಎನ್ನುತ್ತಿದ್ದರು. ಟಿಪ್ಪು ಸತ್ತ 1799ರಲ್ಲಿ ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೊ, ಇಲ್ಲಿ ಭೂಮಿಯ ಖಾಸಗಿ ಒಡೆತನ ಬಹಳ ಹಿಂದಿನಿಂದ ಗಟ್ಟಿಯಾಗಿ ಬೇರೂರಿದೆ ಎಂದು ಕಂಡುಕೊಂಡ. ಸರ್ಕಾರದ ಎದುರಿಗೆ ತೀರ್ವೆ ಕಟ್ಟುವವನು ವರ್ಗದಾರ. ಸರ್ಕಾರದ ಕಡತದಲ್ಲಿ ಅವನೇ ‘ರೈತ’. ಆ ರೈತನಲ್ಲಿ ಅನೇಕರು ನೇಗಿಲು ಹಿಡಿದವರಲ್ಲ. ಅವರ ಕೆಳಗೆ ಮೂಲಗೇಣಿಯವರು, ಅವರ ಕೆಳಗೋ ಪಕ್ಕದಲ್ಲೋ ಚಾಲಗೇಣಿಯವರು, ಎಲ್ಲರ ಕೆಳಗೆ ಆಳುಗಳು.

ಮೂಲಗೇಣಿ ಶಾಶ್ವತ. ಗೇಣಿಯ ಮೊತ್ತ ಒಮ್ಮೆ ನಿಗದಿಯಾದರೆ ಏರಿಸುವಂತಿಲ್ಲ, ಅಪ್ಪನಿಂದ ಮಗನಿಗೆ, ಅಳಿಯಸಂತಾನದ ಮನೆಯಾದರೆ ಮಾವನಿಂದ ಅಳಿಯನಿಗೆ ಹೋಗುತ್ತದೆ. ಚಾಲಗೇಣಿ ಹಾಗಲ್ಲ. ಅದು ವರ್ಷದಿಂದ ವರ್ಷಕ್ಕೆ ‘ಚಾಲ್ತಿ’ಯಲ್ಲಿರುವ ಗೇಣಿ. ಒಡೆಯರ ಮನಸ್ಸಿದ್ದಷ್ಟು ದಿನ ಇದ್ದುಕೊಂಡಿರಬಹುದು. ನಡುವೆ ವಾಯಿದೆ ಗೇಣಿ ಎಂಬುದೊಂದಿತ್ತು, ಇಂತಿಷ್ಟು ವರ್ಷಕ್ಕೆಂದು ಬರೆದುಕೊಟ್ಟದ್ದು. ಉಳುವ ಜನರ ಬಹುಪಾಲು ಚಾಲಗೇಣಿಯವರೇ. 1894ರಲ್ಲಿ ಸ್ಟರಾಕ್ ಬರೆದ ‘ಸೌತ್ ಕೆನರಾ ಮ್ಯಾನ್ಯುಯಲ್’ ಓದಿದರೆ ಈ ಏರ್ಪಾಡಿನ ವಿವರಗಳು ಚೆನ್ನಾಗಿಯೇ ಸಿಗುತ್ತವೆ. ಓದುವಾಗ ಒಂದು ಎಚ್ಚರ ಬೇಕು: ಅಧಿಕಾರಿಗಳಿಗೆ ಮಾಹಿತಿ ಕೊಟ್ಟವರು ಹೆಚ್ಚಾಗಿ ವರ್ಗದಾರರು, ಶ್ಯಾನುಭಾಗರು, ಪಟೇಲರು.

ಗೇಣಿ ಸಲ್ಲುತ್ತಿದ್ದುದು ಅಕ್ಕಿಯಲ್ಲಿ. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ಅಂದರೆ ನಲವತ್ತೆರಡು ಸೇರು. ಗದ್ದೆಯನ್ನು ಗುರುತಿಸುವುದೂ ‘ಹತ್ತು ಮುಡಿ ಗೇಣಿಯ ಗದ್ದೆ’ ಎಂದೇ. ಬೈಲು, ಮಜಲು, ಬೆಟ್ಟು ಎಂಬ ಮೂರು ದರ್ಜೆಯಲ್ಲಿ ಬೈಲು ಗದ್ದೆಗೆ ನೀರು ಹೆಚ್ಚು, ಬೆಳೆ ಹೆಚ್ಚು, ಗೇಣಿಯೂ ಹೆಚ್ಚು. ಗೇಣಿ ಒಂದರಿಂದಲೇ ಮುಗಿಯುತ್ತಿರಲಿಲ್ಲ. ಹಬ್ಬಕ್ಕೆ ತೆಂಗಿನಕಾಯಿ, ಬಾಳೆಗೊನೆ, ತರಕಾರಿ. ಒಡೆಯರ ಮನೆಯ ಮದುವೆ ಮುಂಜಿಗೆ ಬಿಟ್ಟಿ ಕೆಲಸ. ಇವು ಯಾವ ಚೀಟಿಯಲ್ಲೂ ಬರೆದಿರುತ್ತಿರಲಿಲ್ಲ. ಬರೆಯದೇ ಇದ್ದ ಕಾರಣಕ್ಕೇ, ಒಂದು ವರ್ಷ ತಪ್ಪಿದರೂ ಅದು ಸಾಲವಲ್ಲ, ಧಿಮಾಕು ಎನ್ನಿಸಿಕೊಳ್ಳುತ್ತಿತ್ತು.

ಹದಿನೇಳು ವರ್ಷದ ಮುನ್ಸೂಚನೆ

ಗೇಣಿದಾರರನ್ನು ಎಬ್ಬಿಸುವುದು 1950ರ ದಶಕದಲ್ಲಿ ಹುಟ್ಟಿದ ಪದ್ಧತಿಯೇನಲ್ಲ. ಬಾಕಿ ಉಳಿದರೆ, ಹೆಚ್ಚು ಗೇಣಿ ಕೊಡುವ ಇನ್ನೊಬ್ಬ ಸಿಕ್ಕಿದರೆ, ಒಡೆಯರ ಮನೆಯಲ್ಲಿ ಪಾಲುಪಟ್ಟಿಯಾಗಿ ಗದ್ದೆ ಬೇರೆಯವರ ಪಾಲಿಗೆ ಬಂದರೆ, ಚಾಲಗೇಣಿಯವನು ಹೋಗಬೇಕಾಗುತ್ತಿತ್ತು. ಪಕ್ಕದ ಮಲಬಾರಿನಲ್ಲಿ ಗೇಣಿದಾರರ ಜಗಳ ಎಷ್ಟು ದೊಡ್ಡದಾಗಿತ್ತೆಂದರೆ ಅಲ್ಲಿಗೆ 1929ರಲ್ಲೇ ಟೆನೆನ್ಸಿ ಕಾಯ್ದೆ ಬಂತು. ಅದೇ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದರೂ ನಮ್ಮ ಚಾಲಗೇಣಿಯವರಿಗೆ ಆಗ ಅಂಥದ್ದೇನೂ ಸಿಗಲಿಲ್ಲ.

ಸ್ವಾತಂತ್ರ್ಯದ ನಂತರ ಹೊಸದೊಂದು ಕಾರಣ ಸೇರಿಕೊಂಡಿತು: ಕಾನೂನಿನ ಭಯ. ಮದ್ರಾಸ್ ಸರ್ಕಾರ 1955ರಲ್ಲಿ ಸಾಗುವಳಿ ಗೇಣಿದಾರರ ರಕ್ಷಣಾ ಕಾಯ್ದೆ ಮಾಡಿತು. ಮರುವರ್ಷ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರಿಗೆ ಸೇರಿತು. 1957ರಲ್ಲಿ ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯಲ್ಲಿ ಗೇಣಿ ಕಾನೂನಿನ ಸಮಿತಿ ಕೂತಿತು. 1958ರಲ್ಲಿ ಕಡಿದಾಳು ಮಂಜಪ್ಪನವರು ಮಸೂದೆ ಮಂಡಿಸಿದರು. ಅದು 1961ರ ಕಾಯ್ದೆಯಾಯಿತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಆ ಕಾಯ್ದೆಯಲ್ಲಿ ಎರಡು ಕಿಂಡಿ ಇದ್ದವು. ಒಡೆಯ ಸ್ವಂತ ಸಾಗುವಳಿಗೆ ಬೇಕೆಂದು ಒಂದು ಪಾಲು ಗದ್ದೆಯನ್ನು ಮರಳಿ ಪಡೆಯಬಹುದಿತ್ತು. ಗೇಣಿದಾರ ‘ತಾನಾಗಿ’ ಗದ್ದೆ ಬಿಟ್ಟುಕೊಡಬಹುದಿತ್ತು. ಕಿಂಡಿಗಳೆರಡೂ ಮುಚ್ಚಿದ್ದು 1974ರಲ್ಲಿ.

ಜತ್ತಿ ಸಮಿತಿಯಿಂದ ಲೆಕ್ಕ ಹಾಕಿದರೆ ಹದಿನೇಳು ವರ್ಷ. ಉಳುವವನಿಗೆ ಭೂಮಿ ಕೊಡುತ್ತೇವೆ ಎಂದು ಸರ್ಕಾರ ಹದಿನೇಳು ವರ್ಷ ಮೊದಲೇ ಡಂಗುರ ಹೊಡೆಯಿತು. ಓದುಬರಹ ಬಲ್ಲ, ವಕೀಲರ ಪರಿಚಯವಿರುವ, ಮಂಗಳೂರಿಗೂ ಬೆಂಗಳೂರಿಗೂ ಹೋಗಿಬರುವ ಮನೆಗಳಿಗೆ ಅದು ಕೇಳಿಸಿತು. ಗದ್ದೆಯಲ್ಲಿದ್ದವರಿಗೆ ಎಷ್ಟು ಕೇಳಿಸಿತೋ! ಎರಡನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೇ ಯೋಜನಾ ಆಯೋಗ, ದೇಶದಾದ್ಯಂತ ನಡೆಯುತ್ತಿದ್ದ ‘ಸ್ವಇಚ್ಛೆಯ ಬಿಟ್ಟುಕೊಡುವಿಕೆ’ಗಳು ನಿಜವಾಗಿ ಸ್ವಇಚ್ಛೆಯವಲ್ಲ ಎಂದು ಸಂಶಯಪಟ್ಟಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಕರಾವಳಿಯಲ್ಲಿ ಭೂಸುಧಾರಣೆಯ ದೊಡ್ಡ ಲೋಪ 1974ರ ಕಾಯ್ದೆಯಲ್ಲಿಲ್ಲ. ಅದಕ್ಕೆ ಮೊದಲಿನ ಈ ಹದಿನೇಳು ವರ್ಷದಲ್ಲಿದೆ.

ಬಿಡಿಸುವ ಕ್ರಮವೂ ಗಲಾಟೆಯದ್ದಾಗಿರಬೇಕೆಂದಿಲ್ಲ. ಪೊಲೀಸರು ಬಂದು ಪಾತ್ರೆ ಪರಡಿ ಹೊರಗೆಸೆಯುವ ಚಿತ್ರ ಸಿನಿಮಾದ್ದು. ಇಲ್ಲಿ ನಡೆದದ್ದು ಹೆಚ್ಚಾಗಿ ಜಗಲಿಯ ಮೇಲೆ, ಮೆತ್ತಗಿನ ದನಿಯಲ್ಲಿ. ‘ಮಗ ಊರಿಗೆ ಬರ್ತಾನೆ, ಅವನೇ ಬೇಸಾಯ ಮಾಡಿಸ್ತಾನಂತೆ, ಬಪ್ಪ ವರ್ಷ ನೀನು ಬೇರೆ ನೋಡಿಕೋ.’ ಗೇಣಿ ಅಳೆದರೂ ರಶೀದಿ ಕೊಡದಿರುವುದು ಒಂದು ಉಪಾಯ. ಒಂದೇ ಗದ್ದೆಯಲ್ಲಿ ಬೇರೂರದಂತೆ ವರ್ಷ ವರ್ಷ ಗದ್ದೆ ಬದಲಿಸುವುದು ಇನ್ನೊಂದು. ಗೇಣಿದಾರನನ್ನೇ ಕೂಲಿಯವನೆಂದು ಕಾಣಿಸುವುದು, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ದೇವರ ಎದುರು ಆಣೆ ಹಾಕಿಸುವುದು. ಧರ್ಮಸ್ಥಳದ ಹೆಸರಿಗೆ ಇರುವ ಭಯಭಕ್ತಿ ಯಾವ ಕಂದಾಯ ಅಧಿಕಾರಿಗೂ ಇರಲಿಲ್ಲ. ‘ಒಡೇರ ಋಣ ಉಂಟು’ ಎಂದು ಮಸೂದೆ ಬಂದ ಮೇಲೂ ಡಿಕ್ಲರೇಶನ್ ಕೊಡದೆ ಸುಮ್ಮನಿದ್ದವರ ಸಂಗತಿ ಕರಾವಳಿಯುದ್ದಕ್ಕೂ ಕೇಳಸಿಗುತ್ತದೆ. ಮೋಸ ಹೋದರು ಎಂದುಬಿಡುವುದು ಸುಲಭ. ಬಸುರಿ ಮಗಳಿಗೆ ಒಡತಿ ಕೊಟ್ಟ ಔಷಧಿ, ಬರಗಾಲದಲ್ಲಿ ಸಾಲ ಕೊಟ್ಟ ಒಂದು ಮುಡಿ ಅಕ್ಕಿ, ಇವೂ ಅದೇ ಸಂಬಂಧದ ಭಾಗವಾಗಿದ್ದವು. ಬಿಡಿಸಿದ ಕೈಯೂ ಕೊಟ್ಟ ಕೈಯೂ ಒಂದೇ ಆಗಿರುವಾಗ ಜಗಳ ಆಡುವುದು ಯಾರ ಹತ್ತಿರ?

ಕಾಗದ ಎಲ್ಲಿದೆ

ಗದ್ದೆ ಬಿಡಿಸಿದ್ದಕ್ಕೆ ‘ಬಿಡಿಸಲಾಗಿದೆ’ ಎಂದು ಬರೆದಿಡುವವರು ಯಾರೂ ಇಲ್ಲ. ಹಾಗಾಗಿ ಹುಡುಕುವವರು ಬೇರೆ ಬೇರೆ ಕಾಗದಗಳನ್ನು ಪಕ್ಕಪಕ್ಕ ಇಟ್ಟು, ನಡುವಿನ ಖಾಲಿ ಜಾಗವನ್ನು ಓದಬೇಕು.

ಮೊದಲು ನೋಡಬೇಕಾದ್ದು ಪಹಣಿ. ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು, 12(2)ರಲ್ಲಿ ಸಾಗುವಳಿ ಮಾಡುವವನ ಹೆಸರು. ಅರುವತ್ತರ ದಶಕದ ಕೊನೆಯಿಂದ ಎಪ್ಪತ್ತೈದರವರೆಗಿನ ಕೈಬರಹದ ಪಹಣಿಗಳನ್ನು ಒಂದೇ ಸರ್ವೆ ನಂಬರಿಗೆ ಸಾಲಾಗಿ ತೆಗೆಸಿ ನೋಡಿ. ಮೂರು ವರ್ಷ ಇದ್ದ ಹೆಸರು ನಾಲ್ಕನೆಯ ವರ್ಷ ಇಲ್ಲ, ಅಲ್ಲಿ ‘ಸ್ವಂತ’ ಎಂದು ಬಂದಿದೆ ಎಂದಾದರೆ ಏನೋ ನಡೆದಿದೆ. ಏನು ನಡೆಯಿತು ಎಂದು ಪಹಣಿ ಹೇಳುವುದಿಲ್ಲ. ಸತ್ತನೋ, ಮುಂಬೈಗೆ ಹೋದನೋ, ಬಿಡಿಸಿದರೋ? ಅದಕ್ಕೂ ಹಿಂದಿನದು ಬೇಕೆಂದರೆ ಮದ್ರಾಸ್ ಕಾಲದ ಅಡಂಗಲ್. ಅದು ಸಿಕ್ಕಿದರೆ ಅದೃಷ್ಟ. ಒಂದು ಮಾತು ನೆನಪಿಡಬೇಕು: ಪಹಣಿ ಬರೆದ ಶ್ಯಾನುಭಾಗರು ಹಳ್ಳಿಯ ಹೊರಗಿನವರಲ್ಲ, ಕೆಲವೊಮ್ಮೆ ಸ್ವತಃ ಒಡೆಯರ ಬಳಗದವರು. ಗೇಣಿದಾರನ ಹೆಸರು ಪಹಣಿಯಲ್ಲಿ ಇದ್ದರೆ ಅದಕ್ಕೆ ತೂಕವಿದೆ. ಇಲ್ಲದಿದ್ದರೆ ಅವನು ಇರಲೇ ಇಲ್ಲವೆಂದು ತೀರ್ಮಾನಿಸುವ ಹಾಗಿಲ್ಲ.

ಎರಡನೆಯದು ಸಬ್ ರಿಜಿಸ್ಟ್ರಾರ್ ಕಚೇರಿ. ಗೇಣಿಚೀಟಿಗಳಲ್ಲಿ ರಿಜಿಸ್ಟರ್ ಆದವು ಸ್ಥಿರಾಸ್ತಿಯ ಒಂದನೇ ಪುಸ್ತಕದಲ್ಲಿ ಇರುತ್ತವೆ. ಹೆಸರಿನ ಮೇಲೆ ಒಂದು ಸೂಚಿ, ಆಸ್ತಿಯ ಮೇಲೆ ಇನ್ನೊಂದು ಸೂಚಿ ಇರುವುದರಿಂದ ಗೇಣಿದಾರನ ಹೆಸರಷ್ಟೇ ಗೊತ್ತಿದ್ದರೂ ಹುಡುಕಬಹುದು. ಕೃಷಿ ಭೂಮಿಯ ಗೇಣಿಗೆ ಆಸ್ತಿ ವರ್ಗಾವಣೆ ಕಾಯ್ದೆಯ ಗೇಣಿ ಅಧ್ಯಾಯ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಗೇಣಿದಾರ ಒಬ್ಬನೇ ಬರೆದುಕೊಟ್ಟ ಚೀಟಿಯೂ ನಡೆಯುತ್ತಿತ್ತು. ಇಲ್ಲಿಯ ಹಳೆಯ ಚೀಟಿಗಳ ದನಿಯೇ ಹಾಗೆ: ‘ನಾನು ನಿಮಗೆ ಬರೆದುಕೊಟ್ಟ’ ಎಂಬ ಒಪ್ಪಿಗೆ, ‘ನೀವು ಹೇಳಿದಾಗ ಬಿಟ್ಟುಕೊಡತಕ್ಕದ್ದು’ ಎಂಬ ಬಗೆಯ ಷರತ್ತು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಒಡೆಯರ ಮನೆಯ ಪಾಲುಪಟ್ಟಿ. ಬಂಟರ ಕುಟುಂಬವಿರಲಿ, ಬ್ರಾಹ್ಮಣರ ಅವಿಭಕ್ತ ಮನೆಯಿರಲಿ, ಪಾಲಾಗುವಾಗ ಪ್ರತಿ ಗದ್ದೆಯ ಎದುರಿಗೆ ಅದು ಯಾರ ಗೇಣಿಯಲ್ಲಿದೆ, ಎಷ್ಟು ಮುಡಿ ಬರುತ್ತದೆ ಎಂದು ಬರೆಯುವ ವಾಡಿಕೆಯಿತ್ತು. ಪಾಲು ಹಂಚಿಕೊಳ್ಳುವವರಿಗೆ ಪರಸ್ಪರ ಮೋಸವಾಗಬಾರದು ನೋಡಿ, ಅದಕ್ಕೆ ಲೆಕ್ಕ ಬಹಳ ಪ್ರಾಮಾಣಿಕ. ಗೇಣಿದಾರನ ಕೈಗೆ ರಶೀದಿ ಕೊಡದ ಮನೆ, ಅಣ್ಣತಮ್ಮಂದಿರ ನಡುವೆ ಅವನ ಹೆಸರನ್ನೂ ಅವನು ಅಳೆಯುವ ಅಕ್ಕಿಯನ್ನೂ ಚುಕ್ಕಿ ಬಿಡದೆ ಬರೆದಿಟ್ಟಿರುತ್ತದೆ. 1950ರ ಪಾಲುಪಟ್ಟಿಯಲ್ಲಿ ಇದ್ದು 1974ರ ಡಿಕ್ಲರೇಶನ್ನಲ್ಲಿ ಇಲ್ಲದ ಹೆಸರುಗಳೇ ನಾವು ಹುಡುಕುತ್ತಿರುವವರು.

ಇನ್ನು ಕುಂದಾಪುರದ ಮುನ್ಸೀಫ್ ಕೋರ್ಟು. ಗೇಣಿ ಬಾಕಿಗೂ ಸ್ವಾಧೀನಕ್ಕೂ ಹಾಕಿದ ದಾವೆಗಳಲ್ಲಿ ಗೇಣಿದಾರನ ಪ್ರತಿವಾದವೂ ಇರುತ್ತಿತ್ತು. ಸಿವಿಲ್ ಕೋರ್ಟುಗಳು ಅವಧಿ ಮುಗಿದ ಕಡತಗಳನ್ನು ನಾಶಮಾಡುವ ನಿಯಮವಿರುವುದರಿಂದ ದಾವೆಯ ರಿಜಿಸ್ಟರ್, ಡಿಕ್ರಿ ಉಳಿದು ಸಾಕ್ಷಿ ಹೇಳಿಕೆ ಹೋಗಿರುವುದೇ ಹೆಚ್ಚು. ಕೆಲವೊಮ್ಮೆ ಹಳೆಯ ಮನೆಯ ಪೆಟ್ಟಿಗೆಯಲ್ಲಿ ವಕೀಲರು ಕೊಟ್ಟ ನಕಲು ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಭಂಡಾರ ಭೂ ನ್ಯಾಯಮಂಡಳಿಯ ಕಡತಗಳು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1987ರಲ್ಲಿ. ಮೊದಮೊದಲು ಅಪೀಲೂ ಇರಲಿಲ್ಲ, ಸೀದಾ ಹೈಕೋರ್ಟಿಗೆ ರಿಟ್. ಅರ್ಜಿ ಹಾಕಲು ಕೊನೆಯ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಅಷ್ಟರಲ್ಲಿ ರಾಜ್ಯದಲ್ಲಿ ಎಂಟು ಲಕ್ಷದಷ್ಟು ಅರ್ಜಿಗಳು ಬಂದಿದ್ದವು. ಅದರಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಪಾಲು ದೊಡ್ಡದು. ಮಂಡಳಿಯ ಆದೇಶಗಳು ಅನೇಕ ಸಲ ಅರ್ಧ ಪುಟದವು. ಕಾರಣ ಕೊಡದೆ ತೀರ್ಪು ಬರೆದಿದ್ದಾರೆಂದು ಹೈಕೋರ್ಟು ಎಷ್ಟನ್ನೋ ಹಿಂದಕ್ಕೆ ಕಳಿಸಿತು. ಆದರೆ ಆದೇಶದ ಹಿಂದೆ ಹೊಲಿದಿರುವ ಹೇಳಿಕೆಗಳನ್ನು ಓದಿ. ‘ನನ್ನ ಅಪ್ಪ ಅಳೆಯುತ್ತಿದ್ದ, ಅವನ ನಂತರ ನಾನು, ಇಂಥ ವರ್ಷ ಒಡೆಯರು ಇದನ್ನು ಬಿಡಿಸಿ ಅದನ್ನು ಕೊಟ್ಟರು’ ಎಂಬ ಧಾಟಿಯಲ್ಲಿ ಉಳುವವನ ಮಾತು ಸರ್ಕಾರಿ ಕಾಗದಕ್ಕೆ ಇಳಿದ ಅಪರೂಪದ ಸಂದರ್ಭ ಅದು. ತಿರಸ್ಕೃತ ಅರ್ಜಿಗಳನ್ನೇ ಮೊದಲು ನೋಡಬೇಕೆಂಬುದು ನನ್ನ ಸಲಹೆ. ಗೆದ್ದವನ ಕಡತದಲ್ಲಿ ಗದ್ದೆ ಸಿಕ್ಕ ಕಥೆ ಮಾತ್ರ ಇರುತ್ತದೆ. ಸೋತವನ ಕಡತದಲ್ಲಿ, ಮಾರ್ಚ್ 1ಕ್ಕೆ ಅವನು ಗದ್ದೆಯಲ್ಲಿ ಯಾಕಿರಲಿಲ್ಲ ಎಂಬುದಕ್ಕೆ ಎರಡೂ ಕಡೆಯವರ ವಿವರಣೆ ಸಿಗುತ್ತದೆ.

ಈ ಕಾಗದಗಳು ಒಂದೇ ಕಡೆ ಇಲ್ಲ ಎಂಬುದು ದೊಡ್ಡ ತಲೆನೋವು. ಬೈಂದೂರು, ಬ್ರಹ್ಮಾವರ ತಾಲ್ಲೂಕಾಗಿದ್ದು 2018ರಲ್ಲಿ. ಅದಕ್ಕೆ ಮೊದಲು ಬೈಂದೂರು ಕುಂದಾಪುರದಲ್ಲಿತ್ತು, ಬ್ರಹ್ಮಾವರ ಉಡುಪಿಯಲ್ಲಿತ್ತು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಹಳೆಯ ಜಿಲ್ಲಾ ಕಡತಗಳಿಗೆ ಮಂಗಳೂರು. 1956ಕ್ಕೆ ಹಿಂದಿನ ರೆವಿನ್ಯೂ ಬೋರ್ಡಿನ ನಡಾವಳಿಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಅದಕ್ಕೂ ಹಿಂದೆ ಹೋದರೆ ಕೆನರಾ ಜಿಲ್ಲೆ ಇಬ್ಭಾಗವಾಗುವಾಗ ಕುಂದಾಪುರ ಕೆಲಕಾಲ ಉತ್ತರಕ್ಕೆ ಸೇರಿ, 1862ರಲ್ಲಿ ಉತ್ತರ ಕನ್ನಡವು ಮುಂಬೈ ಪ್ರಾಂತ್ಯಕ್ಕೆ ಹೋದಾಗ ಮದ್ರಾಸಿನಲ್ಲೇ ಉಳಿದ ತಾಲ್ಲೂಕು. ಶಿರೂರಿನ ಒಂದು ಗದ್ದೆಯ ಚರಿತ್ರೆ ಬರೆಯಲು ಬೈಂದೂರು, ಕುಂದಾಪುರ, ಮಂಗಳೂರು, ಚೆನ್ನೈ ಎಲ್ಲ ಸುತ್ತಬೇ‌ಕು.

ಸ್ಕಾಟ್ಲೆಂಡಿನಲ್ಲಿ ಕೇಳಿದ್ದು, ಇಲ್ಲಿ ಕೇಳದ್ದು

1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವರು ಲಾರ್ಡ್ ನೇಪಿಯರ್. ಕುಂದಾಪುರವೂ ಬಾರ್ಕೂರೂ ಅವರ ಆಡಳಿತದಲ್ಲೇ ಇದ್ದವು. ಊರಿಗೆ ಮರಳಿದ ಎಷ್ಟೋ ವರ್ಷದ ಮೇಲೆ, 1883ರಲ್ಲಿ, ಬ್ರಿಟಿಷ್ ಸರ್ಕಾರ ಅವರಿಗೆ ಬೇರೊಂದು ಕೆಲಸ ಕೊಟ್ಟಿತು. ಸ್ಕಾಟ್ಲೆಂಡಿನ ಎತ್ತರದ ಸೀಮೆಗಳಲ್ಲೂ ದ್ವೀಪಗಳಲ್ಲೂ ಸಣ್ಣ ಗೇಣಿದಾರರನ್ನು ಕುರಿ ಸಾಕಣೆಗಾಗಿ ತಲೆಮಾರುಗಳ ಕಾಲ ಎಬ್ಬಿಸುತ್ತ ಬಂದಿದ್ದರು. ಅದರ ವಿಚಾರಣೆಗೆ ನೇಪಿಯರ್ ಅಧ್ಯಕ್ಷತೆಯ ಆಯೋಗ. ಆಯೋಗ ದ್ವೀಪದಿಂದ ದ್ವೀಪಕ್ಕೆ ಹೋಗಿ ಜನರ ನಡುವೆ ಕೂತು ಅವರ ಮಾತು ಬರೆಸಿಕೊಂಡಿತು. ಸ್ಕೈ ದ್ವೀಪದಲ್ಲಿ ಮೊದಲ ಸಾಕ್ಷಿಯಾಗಿ ಬಂದ ಗೇಣಿದಾರ, ತಾನು ಸತ್ಯ ಹೇಳಿದರೆ ಜಾಗದಿಂದ ಎಬ್ಬಿಸುವುದಿಲ್ಲವೆಂದು ಮೊದಲು ಮಾತು ಕೊಡಿ ಎಂದು ಕೇಳಿದ. ದಪ್ಪ ದಪ್ಪ ಸಂಪುಟಗಳಾಗಿ ಆ ಹೇಳಿಕೆಗಳು ಅಚ್ಚಾದವು, 1886ರಲ್ಲಿ ಕಾಯ್ದೆ ಬಂತು. ಇವತ್ತು ಅಲ್ಲಿಯ ವಂಶಸ್ಥರು ಕೆನಡಾದಲ್ಲಿ ಕೂತು ತಮ್ಮ ಮುತ್ತಜ್ಜನ ಊರಿನ ಮಾತನ್ನು ಓದಬಹುದು.

ಅದೇ ಮನುಷ್ಯ ಮದ್ರಾಸಿನಲ್ಲಿದ್ದಾಗ ಚಾಲಗೇಣಿಯವರನ್ನು ಕೇಳಲು ಯಾವ ಆಯೋಗವೂ ಬರಲಿಲ್ಲ. ನೇಪಿಯರನ್ನು ದೂರಿ ಪ್ರಯೋಜನವಿಲ್ಲ, ನಾವೂ ನಂತರ ಕೇಳಲಿಲ್ಲವಲ್ಲ.

ಹತ್ತಿರದ ಉದಾಹರಣೆಯೂ ಇದೆ. ಕೊಲ್ಲೂರು ಘಾಟಿ ಹತ್ತಿದರೆ ಸಾಗರ ಸೀಮೆ. ಅಲ್ಲಿಯ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ತಕರಾರು, ಒಡೆಯರು ದೀವರ ಗೇಣಿದಾರರಿಂದ ಗದ್ದೆ ಬಿಡಿಸುವಲ್ಲಿಗೆ ಮುಟ್ಟಿತು. ಎಚ್. ಗಣಪತಿಯಪ್ಪ ಸಂಘ ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮುಂದಾಳಾದರು, 1951ರ ಏಪ್ರಿಲ್‌ನಲ್ಲಿ ರೈತರು ಉಳುವ ಸತ್ಯಾಗ್ರಹಕ್ಕೆ ಗದ್ದೆಗಿಳಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ದೇಶಕ್ಕೇ ಗೊತ್ತಾಯಿತು. ಕಾಗೋಡಿನ ಬಗ್ಗೆ ಪುಸ್ತಕಗಳಿವೆ. ಘಟ್ಟದ ಕೆಳಗೆ ಬಿಡಿಸಿದ ಗದ್ದೆಗಳ ಬಗ್ಗೆ ಅಷ್ಟಿಲ್ಲ. ಇಲ್ಲಿ ಅನ್ಯಾಯ ಕಡಿಮೆ ಇತ್ತು ಎಂದಲ್ಲ. ಒಂದೊಂದೇ ಮನೆಯಾಗಿ, ಒಂದೊಂದು ವರ್ಷಕ್ಕೊಂದಾಗಿ ಬಿಟ್ಟು ಹೋದವರು ಸತ್ಯಾಗ್ರಹ ಮಾಡುವುದಿಲ್ಲ, ಮುಂಬೈ ಬಸ್ಸು ಹತ್ತುತ್ತಾರೆ.

ಗೇಣಿಯೂ ಸಿಗದವರು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ಎಬ್ಬಿಸಲು ಮೊದಲು ಕೂರಿಸಿರಬೇಕು. 1801ರಲ್ಲಿ ಕುಂದಾಪುರ, ಬೈಂದೂರು ದಾಟಿ ಭಟ್ಕಳದ ಕಡೆ ಹೋದ ಫ್ರಾನ್ಸಿಸ್ ಬುಕಾನನ್, ಕೆನರಾದ ಬೇಸಾಯದಲ್ಲಿ ಕೂಲಿಯಾಳು ಮತ್ತು ಮೂಲದಾಳು ಎಂಬ ಎರಡು ಬಗೆಯನ್ನು ಕಂಡ. ಮೂಲದಾಳೆಂದರೆ ಒಡೆಯರ ಮನೆಗೆ ತಲೆತಲಾಂತರ ಸೇರಿದವನು. 1843ರಲ್ಲಿ ಕಾನೂನು ಗುಲಾಮಗಿರಿಯನ್ನು ಮಾನ್ಯ ಮಾಡುವುದನ್ನು ನಿಲ್ಲಿಸಿತು. ಹಳ್ಳಿ ನಿಲ್ಲಿಸಲಿಲ್ಲ. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಅದರ ಚೋಮನಿಗೆ ಗೇಣಿಗೆ ಒಂದು ತುಂಡು ಗದ್ದೆ ಬೇಕು. ಅವನ ಜಾತಿಯವರಿಗೆ ಗೇಣಿ ಕೊಡುವ ವಾಡಿಕೆಯಿಲ್ಲ. ಅಷ್ಟೇ ಕಥೆ, ಅಷ್ಟೇ ದುರಂತ.

1974ರಲ್ಲಿ ಬಿಲ್ಲವ, ಮೊಗವೀರ, ದೇವಾಡಿಗ, ಬಡ ಬಂಟ, ಕ್ರೈಸ್ತ ಗೇಣಿದಾರರಿಗೆ ಗದ್ದೆ ಬಂತು. ಮೂಲದಾಳಿನ ಮಕ್ಕಳಿಗೆ ಹೆಚ್ಚೆಂದರೆ ಗುಡಿಸಲು ನಿಂತ ಅಡಿಸ್ಥಳ. ಮದ್ರಾಸ್ ಸರ್ಕಾರದ ಕಾಲದಲ್ಲಿ ‘ಡಿಪ್ರೆಸ್ಡ್ ಕ್ಲಾಸ್’ ಹೆಸರಿನಲ್ಲಿ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಯನ್ನಾದರೂ ಹಂಚಿ ಎಂದು ಉಡುಪಿ, ದಕ್ಷಿಣ ಕನ್ನಡದ ದಲಿತ ಸಂಘಟನೆಗಳು ಇವತ್ತಿಗೂ ಕೇಳುತ್ತಿವೆ. ಗೇಣಿದಾರನ ಮನೆ ಎದ್ದಾಗ ಆ ಗದ್ದೆಯನ್ನೇ ನಂಬಿದ್ದ ಆಳಿನ ಗುಡಿಸಲೂ ಎದ್ದಿತು. ಅದರ ಲೆಕ್ಕ ಪಹಣಿಯಲ್ಲೂ ಇಲ್ಲ, ಪಾಲುಪಟ್ಟಿಯಲ್ಲೂ ಇಲ್ಲ.

ಇನ್ನೊಂದು ಕಡೆಯವರನ್ನೂ ಕೇಳಬೇಕು. ಒಡೆಯರೆಲ್ಲ ನೂರಾರು ಮುಡಿಯ ಧಣಿಗಳಲ್ಲ. ದೇವಸ್ಥಾನದ ಪೂಜೆ ಮತ್ತು ಹತ್ತು ಮುಡಿ ಗೇಣಿಯಲ್ಲಿ ಸಂಸಾರ ನಡೆಸುತ್ತಿದ್ದ ಮನೆಗಳಿದ್ದವು, ವಿಧವೆಯರ ಮನೆಗಳಿದ್ದವು. ಆಳಿಟ್ಟು ಉಳುಮೆ ಮಾಡಿಸುವ ಶಕ್ತಿಯಿಲ್ಲದೆ ಗೇಣಿಗೆ ಕೊಟ್ಟಿದ್ದರಿಂದಲೇ ಅವರು ಕಳೆದುಕೊಂಡರು. ಬುದ್ಧಿವಂತಿಕೆಯಿಂದ ಮೊದಲೇ ಗೇಣಿದಾರರನ್ನು ಬಿಡಿಸಿ ಸ್ವಂತ ಸಾಗುವಳಿ ತೋರಿಸಿದ ದೊಡ್ಡವರು ಉಳಿಸಿಕೊಂಡರು. ಕಾಯ್ದೆಯಿಂದ ನೊಂದ ಸಣ್ಣ ಒಡತಿಯೂ ಕಾಯ್ದೆ ತಲುಪದ ಗೇಣಿದಾರನೂ ಒಂದೇ ಹದಿನೇಳು ವರ್ಷದ ಬಲಿಪಶುಗಳು ಎಂದು ನನಗನ್ನಿಸುತ್ತದೆ. ಇಬ್ಬರ ಮಕ್ಕಳೂ ಈಗ ಪರಸ್ಪರರನ್ನು ದೂರುತ್ತಾರೆ.

ಕೇಳುವುದು ಹೇಗೆ

ಕಾಗದ ನಿಂತಲ್ಲಿ ನೆನಪು ಬೇಕು. ‘ನಿಮ್ಮನ್ನು ಎಬ್ಬಿಸಿದರೇ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಮರ್ಯಾದೆಯ ಪ್ರಶ್ನೆ. ‘ಆ ಗದ್ದಿ ಬಿಟ್ಟ್ ಬಂದದ್ದ್’ ಎನ್ನುತ್ತಾರೆಯೇ ಹೊರತು ಬಿಡಿಸಿದರು ಎನ್ನುವುದಿಲ್ಲ. ಗದ್ದೆಯ ಬಗ್ಗೆ ಕೇಳಿ. ಕಾರ್ತಿಗೆ ಯಾವ ಬೀಜ ಬಿತ್ತುತ್ತಿದ್ದಿರಿ, ಸುಗ್ಗಿ ಬೆಳೆ ಇತ್ತೇ, ಕೊಳಕೆಗೆ ನೀರು ಎಲ್ಲಿಂದ? ಬಾವಿ ತೋಡಿದ್ದು ಯಾರು, ಬೇಲಿ ಬದಿಯ ಹಲಸು ನೆಟ್ಟದ್ದು ಯಾರು? ಗೇಣಿ ಹೊತ್ತುಕೊಂಡು ಹೋಗುವ ದಾರಿ ಯಾವುದು, ಜಗಲಿಯಲ್ಲಿ ಅಳೆದವರು ಯಾರು? ಉತ್ತರದಲ್ಲಿ ವರ್ಷವೂ ಬರುತ್ತದೆ, ಆದರೆ ಇಸವಿಯಾಗಿ ಅಲ್ಲ. ‘ದೊಡ್ಡ ನೆರೆ ಬಂದ ಮಾರನೇ ವರ್ಷ’, ‘ತಂಗಿ ಮದುವೆಯಾದ ವರ್ಷ’ ಎಂದು. ಅದನ್ನು ಪಹಣಿಯ ಪಕ್ಕ ಇಟ್ಟು ನೋಡುವುದು ಹುಡುಕುವವರ ಕೆಲಸ. ಹೆಂಗಸರನ್ನು ಕೇಳುವುದು ಹೆಚ್ಚು ಫಲಕಾರಿ. ನಟ್ಟಿ ಮಾಡಿದವರು, ಅಕ್ಕಿ ಮಾಡಿದವರು, ಸಾಲದ ಅಕ್ಕಿಗೆ ಒಡತಿಯ ಹತ್ತಿರ ಹೋದವರು ಅವರು. ಡಿಕ್ಲರೇಶನ್ ಗಂಡಸಿನ ಹೆಸರಲ್ಲಿದ್ದರೂ ಬೇಸಾಯದ ನೆನಪು ಅವರಲ್ಲಿದೆ.

ಹೆಸರುಗಳ ವಿಷಯದಲ್ಲಿ ಜಾಗ್ರತೆ ಬೇಕು. ಎರಡೂ ಮನೆಯವರು ಇವತ್ತೂ ಒಂದೇ ದೇವಸ್ಥಾನದ ಹಬ್ಬಕ್ಕೆ ಬರುತ್ತಾರೆ. ಯಾರ ಅಜ್ಜ ಯಾರನ್ನು ಎಬ್ಬಿಸಿದ ಎಂದು ಬೀದಿಗೆ ತರುವುದಕ್ಕಿಂತ, ಒಂದು ಗ್ರಾಮದಲ್ಲಿ 1957ರಿಂದ 1974ರ ನಡುವೆ ಎಷ್ಟು ಗದ್ದೆಯ ಸಾಗುವಳಿದಾರ ಬದಲಾದ ಎಂದು ತಿಳಿಯುವುದು ಉಪಯುಕ್ತ. ಅಂಥ ಗ್ರಾಮವಾರು ಲೆಕ್ಕ ಒಂದು ಬಂದರೂ ಭೂಸುಧಾರಣೆಯ ಬಗ್ಗೆ ನಾವು ಆಡುವ ಮಾತು ಬದಲಾಗಬಹುದು. ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವವರು ಗಮನಿಸಲಿ.

ಹೊತ್ತು ಕಡಿಮೆ ಇದೆ. 1960ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಕಂದಾಯ ಇಲಾಖೆ 2024ರಿಂದ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯ ಕೆಲಸ. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಅದು ನಡೆಯುವಾಗ ನ್ಯಾಯಮಂಡಳಿಯ ಆದೇಶವನ್ನಷ್ಟೇ ಅಲ್ಲ, ಅದರ ಹಿಂದಿನ ಹೇಳಿಕೆ, ಮಹಜರು, ತಿರಸ್ಕೃತ ಅರ್ಜಿ ಎಲ್ಲವನ್ನೂ ಸ್ಕ್ಯಾನ್ ಮಾಡಬೇಕು, ಸಂಶೋಧಕರಿಗೆ ತೆರೆದಿಡಬೇಕು. ಹಕ್ಕಿನ ದೃಷ್ಟಿಯಿಂದ ತಿರಸ್ಕೃತ ಕಡತಕ್ಕೆ ಬೆಲೆಯಿಲ್ಲವೆಂದು ಯಾರೋ ಮೊದಲು ಅದನ್ನೇ ಮೂಟೆ ಕಟ್ಟಿಯಾರು. ನಿಮ್ಮ ಮನೆಯ ಅಟ್ಟದಲ್ಲಿ ಗೇಣಿಚೀಟಿ, ರಶೀದಿ, ಪಾಲುಪಟ್ಟಿ ಇದ್ದರೆ, ನೀವು ಕೊಟ್ಟ ಕಡೆಯವರಾಗಿರಲಿ, ಅಳೆದ ಕಡೆಯವರಾಗಿರಲಿ, ಈ ಮಳೆಗಾಲಕ್ಕೆ ಮೊದಲು ಅವನ್ನು ಇಳಿಸಿ ಫೋಟೊ ತೆಗೆದಿಡಿ.